ಹುಳುಕು ಹಲ್ಲಿಗೆ ಫಿಲ್ಲಿಂಗ್: ಯಾವುದು ಹಾಕಿಸಬೇಕು, ಹೇಗೆ ಹಾಕಿಸಿಕೊಳ್ಳಬೇಕು

ಫಿಲ್ಲಿಂಗ್ ಹಾಕಿಸಿಕೊಂಡು ಹೋಗಿ, ವಾರದೊಳಗೆ ಕೆನ್ನೆ ಹಿಡಿದುಕೊಂಡು ವಾಪಸ್ ಬರುವವರು ಕ್ಲಿನಿಕ್‌ನಲ್ಲಿ ತುಂಬಾ ಸಿಗುತ್ತಾರೆ. ಬಹಳ ಸಲ ಸಿಮೆಂಟ್ ಚೆನ್ನಾಗಿಯೇ ಇರುತ್ತದೆ. ಕೊನೆಯ ಐದು ನಿಮಿಷದ ಅವಸರದಲ್ಲಿ ಕೆಲಸ ಕೆಟ್ಟಿರುತ್ತದೆ.

ಮೊದಲು ಎಕ್ಸ್‌ರೇ. ಹುಳುಕು ನರ ಮುಟ್ಟಿದ್ದರೆ ಬರೀ ಫಿಲ್ಲಿಂಗ್ ಸಾಲದು. ರಾತ್ರಿ ತಾನಾಗಿಯೇ ನೋವು ಏಳುತ್ತಿದ್ದರೆ ಮುಂಚೆಯೇ ಹೇಳಿ.

ಆಮೇಲೆ ಯಾವುದು ಅನ್ನೋ ಪ್ರಶ್ನೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಗಟ್ಟಿ, ಆದರೆ ಅದರಲ್ಲಿ ಸುಮಾರು ಅರ್ಧ ತೂಕ ಪಾದರಸ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಅದರ ಬಳಕೆ ಬಹುಮಟ್ಟಿಗೆ ನಿಂತಿದೆ. ಹಾಗಂತ ಚೆನ್ನಾಗಿರುವ ಹಳೇ ಅಮಾಲ್ಗಮ್ ಸುಮ್ನೆ ಕೀಳಿಸಬೇಡಿ, ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು. ಹಲ್ಲಿನ ಬಣ್ಣದ ಕಾಂಪೋಸಿಟ್ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ಆಗುತ್ತದೆ. ಗ್ಲಾಸ್ ಅಯೊನೊಮರ್ ಅನ್ನೋ ಇನ್ನೊಂದು ಸಿಮೆಂಟ್ ಅಷ್ಟು ಗಟ್ಟಿಯಲ್ಲ, ಆದರೆ ತಾನೇ ಹಲ್ಲಿಗೆ ಅಂಟಿಕೊಂಡು ಫ್ಲೋರೈಡ್ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ಒಸಡಿನ ಅಂಚಿನ ಸವೆತಕ್ಕೆ ನಾನು ಅದನ್ನೇ ಹೇಳುವುದು. ಲವಂಗದ ವಾಸನೆ ಬರುವ ಬಿಳಿ ಸಿಮೆಂಟ್ ತಾತ್ಕಾಲಿಕ. ನೋವು ನಿಂತಿತು ಅಂತ ಅದರಲ್ಲೇ ತಿಂಗಳುಗಟ್ಟಲೆ ಕಾಲ ಹಾಕಬೇಡಿ.

ಆನ್‌ಲೈನ್‌ನಲ್ಲಿ ಸಿಗುವ, ಮನೆಯಲ್ಲೇ ತುಂಬಿಕೊಳ್ಳುವ ಫಿಲ್ಲಿಂಗ್ ಕಿಟ್ ಬೇಡವೇ ಬೇಡ. ಹುಳುಕನ್ನು ಒಳಗೇ ಬಿಟ್ಟು ಮೇಲೆ ಮುಚ್ಚಿದಂತಾಗುತ್ತದೆ. ತೂತಿಗೆ ಹೊಗೆಸೊಪ್ಪು ತುರುಕುವುದೂ ಬೇಡ. ಲವಂಗದೆಣ್ಣೆ ಹಚ್ಚಿದ್ದರೆ ಡಾಕ್ಟರಿಗೆ ಹೇಳಿ, ಅದರ ಅಂಶ ಉಳಿದರೆ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಕಾಂಪೋಸಿಟ್ ಹಾಕುವಾಗ ಹಲ್ಲು ಒಣಗಿರಲೇಬೇಕು. ಆಸಿಡ್ ಜೆಲ್ ಹಚ್ಚಿ, ತೊಳೆದು, ಅಂಟು ಬಳಿದು, ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತುಂಬಿ ಪ್ರತಿಸಲ ನೀಲಿ ಲೈಟ್ ಹಿಡಿಯುತ್ತಾರೆ. ನಡುವೆ ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ. ಹಾಗಾಗಿ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ತೆಳು ರಬ್ಬರ್ ಹಾಳೆ) ಹಾಕ್ತೀರಾ ಅಂತ ಧೈರ್ಯವಾಗಿ ಕೇಳಿ. ಉಗುಳಬೇಕು ಅನಿಸಿದರೆ ತಟ್ಟನೆ ಬಾಯಿ ಮುಚ್ಚಬೇಡಿ, ಕೈ ಎತ್ತಿ.

ಈಗ ಜನ ಎಡವುವ ಜಾಗ. ಕೊನೆಯಲ್ಲಿ, ಫಿಲ್ಲಿಂಗ್ ಎಲ್ಲಿ ಎತ್ತರವಾಗಿದೆ ಅಂತ ನೋಡಲು, ಬಣ್ಣದ ಕಾಗದ ಇಟ್ಟು ಕಚ್ಚಿ ಅನ್ನುತ್ತಾರೆ. ಬಾಯಿ ಮರಗಟ್ಟಿರುತ್ತದೆ, ಎಷ್ಟೊತ್ತಿಗೆ ಏಳುತ್ತೇವೋ ಅನಿಸಿರುತ್ತದೆ, ಹಾಗಾಗಿ ಎಲ್ಲರೂ ಮೆಲ್ಲಗೆ ಒಮ್ಮೆ ಕಚ್ಚಿ ‘ಸರಿ ಇದೆ’ ಅಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಕುರ್ಚಿ ನೆಟ್ಟಗೆ ಮಾಡಿಸಿಕೊಂಡು ಕೂತು, ಹಿಂದಿನ ಹಲ್ಲುಗಳನ್ನು ಊಟ ಮಾಡುವ ಹಾಗೆ ಟಕಟಕ ಕಚ್ಚಿ. ಆಮೇಲೆ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಉಜ್ಜಿ. ಆ ಬದಿಯ ಎಲ್ಲ ಹಲ್ಲೂ ಒಟ್ಟಿಗೆ ಕೂಡಬೇಕು. ಹೊಸ ಫಿಲ್ಲಿಂಗೇ ಮೊದಲು ತಾಗಿದರೆ ಅದು ಎತ್ತರವಾಗಿದೆ ಅಂತಲೇ ಅರ್ಥ. ಕೂದಲೆಳೆಯಷ್ಟು ಎತ್ತರವಾದರೂ ಅಗಿಯುವ ಒತ್ತಡವೆಲ್ಲ ಆ ಒಂದು ಹಲ್ಲಿನ ಮೇಲೇ ಬೀಳುತ್ತದೆ. ‘ಎರಡು ದಿನದಲ್ಲಿ ಅಡ್ಜಸ್ಟ್ ಆಗುತ್ತೆ’ ಅಂದರೆ ಒಪ್ಪಬೇಡಿ, ಅಲ್ಲೇ ಉಜ್ಜಿಸಿ ಎತ್ತರ ತೆಗೆಸಿಕೊಳ್ಳಿ.

ಮರಗಟ್ಟಿದ್ದು ಬಿಡುವವರೆಗೆ ಊಟ ಬೇಡ, ಮಕ್ಕಳಂತೂ ತುಟಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಅಮಾಲ್ಗಮ್ ಆದರೆ 24 ಗಂಟೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ. ತಣ್ಣೀರಿಗೆ ಕೆಲವು ದಿನ ಜುಮ್ ಅಂದರೆ ಗಾಬರಿ ಬೇಡ. ಆದರೆ ಮರುದಿನ ಕಚ್ಚಿದಾಗ ಚಳಕ್ ಅಂದರೆ ಕಾಯದೆ ವಾಪಸ್ ಹೋಗಿ. ಎತ್ತರ ತೆಗೆಯುವುದು ಕೆಲವೇ ನಿಮಿಷದ ಕೆಲಸ, ಸಾಮಾನ್ಯವಾಗಿ ಇಂಜೆಕ್ಷನ್ನೂ ಬೇಕಾಗುವುದಿಲ್ಲ.