ಟಿಮೋತಿ ಬಿಟ್ಟು ಊರ ಹುಲ್ಲಿಗೆ ಬಂದ ನಮ್ಮ ಆರು ಮೊಲಗಳು

ಅಮೆರಿಕದ ಟಿಮೋತಿ ಹುಲ್ಲು ಹಾಕದೆ ಮನೆಯಲ್ಲಿ ಮೊಲ ಸಾಕಿದರೆ ಹಲ್ಲು ಸವೆಯದೆ ಉದ್ದ ಬೆಳೆದು ಸಾಯುತ್ತವೆ ಎಂದು ನನಗೆ ಹೇಳದವರೇ ಇಲ್ಲ. ಜೊತೆಯ ಮೊಲ ಸಾಕುವವರು ಹೇಳಿದರು, ಒಬ್ಬ ಡಾಕ್ಟರೂ ಹೇಳಿದರು. ಬೆಂಗಳೂರಿನ ಸುತ್ತಮುತ್ತ ಬೆಳೆದ ಹುಲ್ಲನ್ನೇ ತಿಂದುಕೊಂಡು ನಮ್ಮ ಆರೂ ಮೊಲಗಳು ಎರಡು ವರ್ಷದ ಮೇಲೆ ಕಳೆದಿವೆ. ಮೊನ್ನೆ ಅದೇ ಡಾಕ್ಟರು ಎಲ್ಲದರ ದವಡೆ ಹಲ್ಲಿಗೂ ಟಾರ್ಚ್ ಬಿಟ್ಟು ನೋಡಿ, "ಹುಲ್ಲು ಎಲ್ಲಿಂದ ತರ್ತೀರಿ ಸಾರ್?" ಎಂದು ಕೇಳಿದರು. ಹಾಗಾಗಿ ಬರೆಯುವ ಧೈರ್ಯ ಬಂತು.

ಆರರಲ್ಲಿ ಎರಡು ನಾವೇ ತಂದದ್ದು, ನಾಲ್ಕು ಬೇರೆಯವರು ಬಿಟ್ಟದ್ದು. ಮಕ್ಕಳ ಹುಟ್ಟುಹಬ್ಬಕ್ಕೆ ಅಂಗೈಯಷ್ಟು ಮರಿ ತರುತ್ತಾರೆ, ನಾಲ್ಕು ತಿಂಗಳಿಗೆ ಅದು ಪ್ರಾಯಕ್ಕೆ ಬಂದು ಸೋಫಾಕ್ಕೆಲ್ಲ ಉಚ್ಚೆ ಹಾರಿಸಿದ ಕೂಡಲೇ ಪಾರ್ಕಿಗೆ ಬಿಟ್ಟು ಬರುತ್ತಾರೆ. ಪಾರ್ಕಿನ ನಾಯಿಗಳ ನಡುವೆ ಸಾಕಿದ ಮೊಲ ಒಂದು ರಾತ್ರಿ ಉಳಿಯುವುದೂ ಕಷ್ಟ. ಈ ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಎರಡು ಕೆಜಿ ತೂಗುವ ಮೊಲ ದಿನಕ್ಕೆ ಸುಮಾರು ನೂರು ಗ್ರಾಂ ಒಣಹುಲ್ಲು ತಿನ್ನುತ್ತದೆ, ತುಳಿದು ಹಾಳು ಮಾಡುವುದು ಬೇರೆ. ಆರಕ್ಕೆ ತಿಂಗಳಿಗೆ ಇಪ್ಪತ್ತು ಕೆಜಿಗೆ ಮೋಸವಿಲ್ಲ. ನಾನು ತರಿಸುತ್ತಿದ್ದಾಗ ಟಿಮೋತಿ ಕೆಜಿಗೆ ಏಳುನೂರರ ಆಸುಪಾಸು ಬೀಳುತ್ತಿತ್ತು. ನಮ್ಮ ಮನೆ ಬಾಡಿಗೆಗೆ ಹತ್ತಿರ ಬರುವ ಮೊತ್ತ. ಹಡಗು ತಡವಾದರೆ ಸ್ಟಾಕೇ ಇಲ್ಲ ಅನ್ನುತ್ತಿದ್ದರು. ಇನ್ನೊಂದು ಮೊಲ ಬಂದರೆ ಬೇಡ ಎನ್ನಬೇಕಾದ ಸ್ಥಿತಿ ಬಂದಾಗ ಊರ ಹುಲ್ಲಿನ ಕಡೆ ತಿರುಗಿದೆ.

ಮೊದಲು ರಾಗಿ ಹುಲ್ಲು ನೋಡಿದೆವು. ಅದರ ಮೇಲೆ ಮಲಗಿದವೇ ಹೊರತು ತಿನ್ನಲಿಲ್ಲ. ಈಗಲೂ ಉಚ್ಚೆ ಟ್ರೇಗೆ ಅದನ್ನೇ ಹಾಸುತ್ತೇವೆ, ಆ ಕೆಲಸಕ್ಕೆ ಚಿನ್ನದಂಥದ್ದು. ಕುದುರೆ ಮೆಂತೆ ಕೊಟ್ಟರೆ ಮುಗಿಬಿದ್ದು ತಿನ್ನುತ್ತವೆ, ಆದರೆ ಸುಣ್ಣದ ಅಂಶ ಜಾಸ್ತಿ. ದೊಡ್ಡ ಮೊಲಗಳಿಗೆ ನಿತ್ಯ ಹಾಕಿದರೆ ಉಚ್ಚೆ ಸುಣ್ಣದ ನೀರಿನ ಹಾಗೆ ಬರುತ್ತದೆ. ಅದನ್ನು ಮರಿಗಳಿಗೆ ಮಾತ್ರ ಇಟ್ಟುಕೊಂಡೆ. ಕೊನೆಗೆ ನಿಂತದ್ದು ರೋಡ್ಸ್ ಹುಲ್ಲು ಮತ್ತು ಗಿನಿ ಹುಲ್ಲು, ಸಿಕ್ಕಾಗ ಗರಿಕೆ.

ಹುಲ್ಲು ಸಿಕ್ಕಿತು, ಒಣಗಿಸುವುದು ಕೈಗೆ ಹತ್ತಲು ಒಂದು ಬೇಸಿಗೆ, ಒಂದು ಮಳೆಗಾಲ ಹೋಯಿತು. ಟೆರೇಸಿನ ಉರಿ ಬಿಸಿಲಲ್ಲಿ ನಾಲ್ಕೈದು ದಿನ ಹರಡಿದ್ದು ಹಳದಿಯಾಗಿ, ವಾಸನೆಯೆಲ್ಲ ಹಾರಿ, ಬರೀ ಕಡ್ಡಿಯಾಯಿತು. ಮಳೆಗಾಲದಲ್ಲಿ ಒಣಗಿದೆ ಎಂದು ಕಟ್ಟಿಟ್ಟ ಕಂತೆಗಳನ್ನು ವಾರ ಬಿಟ್ಟು ಬಿಚ್ಚಿದರೆ ಒಳಗೆ ಬೆಚ್ಚಗೆ, ಬೂದಿಯಂಥ ಬೂಸ್ಟು. ಬೂಸ್ಟು ಹಿಡಿದದ್ದನ್ನು ದನಕ್ಕೂ ಹಾಕುವಂತಿಲ್ಲ, ಎಲ್ಲ ಗೊಬ್ಬರದ ಗುಂಡಿಗೆ. ಗಾಡಿ ಬಾಡಿಗೆ ಸೇರಿ ಎಂಟೊಂಬತ್ತು ಸಾವಿರ ಅಲ್ಲೇ ಹೋಯಿತು. ಮನೆಯವಳು ಒಂದು ಮಾತೂ ಆಡದೆ ನನ್ನ ಜೊತೆ ಟೆರೇಸ್ ಗುಡಿಸಿದಳು.

ಈಗ ಮಾಡುವುದು ಹೀಗೆ. ತೆನೆ ಇಣುಕುವ ಹೊತ್ತಿಗೇ ಕೊಯ್ಸುತ್ತೇನೆ, ಬಲಿತರೆ ಕಡ್ಡಿ. ಒಂದು ಹಗಲು ಬಿಸಿಲು, ಆಮೇಲೆ ಹಸಿರು ನೆಟ್ಟಿನ ಕೆಳಗೆ ಮೂರು ನಾಲ್ಕು ದಿನ ನೆರಳು, ಬೆಳಗ್ಗೆ ಸಂಜೆ ತಿರುವಿ ಹಾಕುವುದು. ಎಲೆ ಮುಟ್ಟಿ ನೋಡಿ ತೀರ್ಮಾನಿಸಬೇಡಿ, ಎಲೆ ಬೇಗ ಒಣಗುತ್ತದೆ. ಗೆಣ್ಣನ್ನು ಉಗುರಲ್ಲಿ ಚಿವುಟಿ ನೋಡಿ, ಪಸೆ ಇರುವುದು ಅಲ್ಲಿ. ಅನುಮಾನವಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕತ್ತರಿಸಿದ ಹುಲ್ಲು, ಒಂದು ಚಮಚ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಂಟು ಕಟ್ಟಿದರೆ ಇನ್ನೂ ಒಣಗಬೇಕು. ಗೋಣಿಚೀಲದಲ್ಲೇ ತುಂಬಿಡಿ, ಪ್ಲಾಸ್ಟಿಕ್ ಚೀಲ ಬೇಡ. ಐದು ಕೆಜಿ ಹಸಿ ಹುಲ್ಲಿಗೆ ಒಂದು ಕೆಜಿ ಒಣ ಹುಲ್ಲು ಸಿಗುತ್ತದೆ. ಎಲ್ಲ ಖರ್ಚು ಸೇರಿ ಕೆಜಿಗೆ ಐವತ್ತು ರೂಪಾಯಿ ದಾಟುವುದಿಲ್ಲ. ಯಾವ ಊರಿನ ರೈತರು ಕೊಡುತ್ತಾರೆ ಎಂದು ಮಾತ್ರ ಹೇಳುವುದಿಲ್ಲ, ಅವರ ಹತ್ತಿರ ನನಗಾಗಿ ಮಿಗುವುದೇ ಅಷ್ಟು.

ನಿಜವಾದ ಪರೀಕ್ಷೆ ನಡೆದದ್ದು 'ಗುಂಡಿ' ಎಂಬ ನಮ್ಮ ಮೊಲದ ಮೇಲೆ. ಬಿಸ್ಕತ್ತು, ಕ್ಯಾರೆಟ್, ಅಂಗಡಿ ಪೆಲೆಟ್ಟು (ಗುಳಿಗೆಯಂತೆ ಒತ್ತಿದ ಒಣ ಆಹಾರ), ಇಷ್ಟರಲ್ಲೇ ಪಂಜರದೊಳಗೆ ಬೆಳೆದ ಹೆಣ್ಣು. ಬಂದಾಗ ಉಗುರು ಸುತ್ತಿಕೊಂಡಿತ್ತು, ತಂತಿ ನೆಲದ ಮೇಲೆ ಕೂತು ಕೂತು ಹಿಂಗಾಲಿನ ಅಡಿ ಹುಣ್ಣಾಗಿತ್ತು. ಹುಲ್ಲು ತಿನ್ನುವ ವಸ್ತು ಎಂದೇ ಅದಕ್ಕೆ ಗೊತ್ತಿರಲಿಲ್ಲ. ಹಸಿದರೆ ತಾನೇ ತಿನ್ನುತ್ತದೆ ಎಂದು ಪೆಲೆಟ್ಟು ಒಮ್ಮೆಲೇ ನಿಲ್ಲಿಸಲು ಹೇಳುವವರಿದ್ದಾರೆ, ದಯವಿಟ್ಟು ಕೇಳಬೇಡಿ. ಅರ್ಧ ದಿನ ಹೊಟ್ಟೆಗೆ ಬೀಳದಿದ್ದರೆ ಮೊಲದ ಕರುಳು ನಿಂತೇ ಹೋಗಬಹುದು. ನಾನು ವಾರಕ್ಕೊಂದಿಷ್ಟು ಪೆಲೆಟ್ಟು ಇಳಿಸುತ್ತಾ, ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡುತ್ತಾ ಹೋದೆ. ಒಣಗಿಸಿದ ಹಿಪ್ಪುನೇರಳೆ ಸೊಪ್ಪನ್ನು ಪುಡಿ ಮಾಡಿ ಹುಲ್ಲಿಗೆ ಉದುರಿಸುತ್ತಿದ್ದೆ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ನಮ್ಮ ಮನೆಯಲ್ಲೇ ಇರಲಿ.

ಅದು ಹುಲ್ಲಿಗೆ ತಿರುಗಿದ್ದು ಗೊತ್ತಾಗಿದ್ದು ಹಿಕ್ಕೆಯಲ್ಲಿ. ಮೊದಲು ಮೆಣಸಿನ ಕಾಳಿನಂತೆ ಕಪ್ಪಗೆ, ಸಣ್ಣಗೆ, ಗಟ್ಟಿ. ಎರಡು ತಿಂಗಳಾಗುವ ಹೊತ್ತಿಗೆ ದಪ್ಪಗೆ, ಕಂದುಹೊಂಬಣ್ಣ. ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಒಳಗೆ ಬರೀ ನಾರು, ವಾಸನೆಯೇ ಇಲ್ಲ. ಅವತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ.

ಮರಿ ಆಗದಂತೆ ಮಾಡಿಸುವ ಆಪರೇಷನ್ ವಿಷಯ ಚಿಕ್ಕದಾಗಿ. ಹೆಣ್ಣಿಗೆ ತಪ್ಪದೆ ಮಾಡಿಸಿ, ಬಿಟ್ಟರೆ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಹಳ. ನನಗೆ ಒಂದಕ್ಕೆ ಆರು ಸಾವಿರದಷ್ಟು ಆಯಿತು. ಹಿಂದಿನ ರಾತ್ರಿಯಿಂದ ಉಪವಾಸ ಇರಿಸಿ ಎನ್ನುವ ಡಾಕ್ಟರ ಹತ್ತಿರ ಮಾಡಿಸಬೇಡಿ. ಮೊಲ ವಾಂತಿ ಮಾಡುವುದೇ ಇಲ್ಲ, ಉಪವಾಸದಿಂದ ಕೆಡುಕೇ ಹೆಚ್ಚು. ಬಾಯಿಗೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಬರೆದರೂ ಎದ್ದು ಬನ್ನಿ. ಗಂಡಿಗೆ ಮಾಡಿಸಿದ ಮೇಲೂ ಐದಾರು ವಾರ ಹೆಣ್ಣಿನ ಜೊತೆ ಬಿಡಬಾರದು.

2024ರ ಏಪ್ರಿಲ್ ಕೊನೆಗೆ ಬೆಂಗಳೂರು 38 ಡಿಗ್ರಿ ದಾಟಿದಾಗ ಇನ್ನೊಂದು ಪ್ರಯೋಗ ಮಾಡಿದೆ. ಐಸ್ ಬಾಟಲಿಗೆ ನಮ್ಮವು ಹತ್ತಿರ ಬರಲಿಲ್ಲ. ಹಳೆಯ ಮಂಗಳೂರು ಹೆಂಚುಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಗ್ಗೆ ಮೇಲೆ ಒರೆಸಿ ನೆಲಕ್ಕಿಟ್ಟೆ. ಅವುಗಳ ಮೇಲೆ ಕಾಲು ಚಾಚಿ ಮಧ್ಯಾಹ್ನವೆಲ್ಲ ಬಿದ್ದುಕೊಂಡವು. ಖರ್ಚು ಸೊನ್ನೆ. ಕಾಲಡಿ ಹುಣ್ಣಿರುವ ಮೊಲಕ್ಕೆ ಮಾತ್ರ ಇದು ಬೇಡ, ತೇವಕ್ಕೆ ಹುಣ್ಣು ಮಾಯುವುದಿಲ್ಲ.

ಮಳೆಗಾಲದ ಹುಲ್ಲು ಇನ್ನೂ ತಲೆನೋವೇ. ಈಗ ಮಾರ್ಚ್ ಒಳಗೆ ನಾಲ್ಕು ತಿಂಗಳದ್ದು ಒಣಗಿಸಿಟ್ಟುಕೊಳ್ಳುತ್ತೇನೆ, ಅದಕ್ಕೇ ಒಂದು ರೂಮು ಹೋಗಿದೆ. ಮುಂದಿನ ತಿಂಗಳು ಭಾವನ ತೋಟದ ಬದುವಿನ ಮೇಲೆ ಗಿನಿ ಹುಲ್ಲಿನ ಬೇರು ನೆಡಿಸುತ್ತಿದ್ದೇನೆ. ಎರಡು ಕೊಯ್ಲು ಕೈಗೆ ಬಂದರೆ ಏಳನೆಯದಕ್ಕೂ ಜಾಗವಿದೆ.