ಪಕ್ಕದ ಸೀಟಿನಿಂದ ಏಳುವುದು ಹೇಗೆ

2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಸದಾಶಿವಗಡ ಕಡೆಯ ಮಹಿಳೆಯೊಬ್ಬರಿಗೆ ಪಕ್ಕದ ಹೊಸ ಸೇತುವೆ ದಾಟುವುದೂ ಆಗದಾಯಿತು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬಸ್ ಹತ್ತಿದರೆ ಎದೆ ಡವಡವ, ಅಂಗೈ ಒದ್ದೆ. ಆಪ್ತಸಮಾಲೋಚಕಿಯಾದ ನಾನು ಅವರ ಪಕ್ಕದಲ್ಲೇ ಕುಳಿತು ಕಾರವಾರಕ್ಕೆ ಬಂದೆ. ಐದು ಸಲ ಸಲೀಸಾಗಿ ದಾಟಿದರು. ನಾನು ಬೀಗಿದೆ. ಆರನೆಯ ಸಲ ನನಗೆ ಜ್ವರ. ಅವರು ಬಸ್ ನಿಲ್ದಾಣದಿಂದಲೇ ಮನೆಗೆ ಮರಳಿದರು. ಐದು ವಾರದಲ್ಲಿ ಅವರ ಮನಸ್ಸು ಕಲಿತ ಪಾಠ ಒಂದೇ: ಅಕ್ಕೋರು ಪಕ್ಕದಲ್ಲಿದ್ದರೆ ಸೇತುವೆ ಬೀಳುವುದಿಲ್ಲ. ನಾನೇ ಅವರ ತಾಯತವಾಗಿದ್ದೆ.

ಆದ್ದರಿಂದ ಜೊತೆಗೆ ಹೊರಡುವ ದಿನವೇ ಹಿಂದೆ ಸರಿಯುವ ದಿನವನ್ನೂ ಗೊತ್ತುಮಾಡಿ. ಮೆಟ್ಟಿಲುಗಳನ್ನು ಅವರ ಕೈಯಿಂದಲೇ ಬರೆಸಿ. ನಮ್ಮ ಎರಡನೆಯ ಸುತ್ತು ಹೀಗಿತ್ತು: ಒಮ್ಮೆ ಜೊತೆಗೆ, ಆಮೇಲೆ ನಾನು ಹಿಂದಿನ ಸೀಟಿನಲ್ಲಿ, ಮತ್ತೆ ಸೇತುವೆಯಾಚೆಯ ಕೋಡಿಬಾಗದಲ್ಲಿ ಕಾಯುತ್ತ, ಕೊನೆಗೆ ನಾನು ಕಚೇರಿಯಲ್ಲಿ, ಅವರ ಮೊಬೈಲ್ ಚೀಲದೊಳಗೆ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವವರೂ ಅವರೇ. ನನಗೆ ಹೊಳೆಯದ ಮೆಟ್ಟಿಲೊಂದನ್ನು ಅವರು ಸೇರಿಸಿದರು: ಮೀನು ಕೊಂಡು ಮರಳುವಾಗ ಹಳೆಯ ಸೇತುವೆಯಿದ್ದ ಬದಿಯ ಕಿಟಕಿಗೆ ಕುಳಿತು ನೀರನ್ನೇ ನೋಡುವುದು.

"ಅಕ್ಕೋರೇ, ಏನು ಮಾಡಲಿ, ನೀವೇ ಹೇಳಿಬಿಡಿ" ಎಂದು ಬಂದವರು ಕೇಳಿದಾಗ ಸಲಹೆ ಕೊಡಲು ನಾಲಿಗೆ ತುರಿಸುತ್ತದೆ. ಬದಲಾಗುವ ಪ್ರೇರಣೆಯನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಸಮಾಲೋಚನಾ ವಿಧಾನವನ್ನು ರೂಪಿಸಿದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್, ಸ್ಟೀಫನ್ ರಾಲ್ನಿಕ್ ಎಚ್ಚರಿಸಿದ್ದು ಈ ಸರಿಪಡಿಸುವ ಚಪಲದ ಬಗ್ಗೆಯೇ. "ನೀವು ಬದಲಾಗಬೇಕು" ಎಂದು ನಾವು ಒತ್ತಿದಷ್ಟೂ ಎದುರಿನವರು ಬದಲಾಗದಿರಲು ಕಾರಣ ಹುಡುಕುತ್ತಾರೆ. ನಾನು ಮೇಜಿನ ಕೆಳಗೆ ಬೆರಳು ಮಡಚುತ್ತ ಹತ್ತು ಎಣಿಸುತ್ತೇನೆ. ಏಳೆಂಟಕ್ಕೆ ಬರುವಷ್ಟರಲ್ಲಿ ಅವರೇ ಬಾಯಿ ತೆರೆಯುವುದುಂಟು. ಇಲ್ಲವಾದರೆ "ಹಿಂದಿನ ಸಲ ಹೇಗೆ ನಿಭಾಯಿಸಿದಿರಿ?" ಎಂದು ಕೇಳುತ್ತೇನೆ.

ಸಾಯುವ ಮಾತು ಬಂದರೆ ಮಾತ್ರ ಈ ಎಣಿಕೆ ಬೇಡ. ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ಮನೆಯವರನ್ನೂ ಮನೋವೈದ್ಯರನ್ನೂ ಸೇರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ತೆರೆದಿರುತ್ತದೆ.

ಭೇಟಿಯನ್ನು ವಾರದಿಂದ ಹದಿನೈದು ದಿನಕ್ಕೆ, ತಿಂಗಳಿಗೆ ದೂಡುತ್ತ ಹೋಗಿ. ನಮ್ಮ ಗಳಿಕೆಗೆ ಕತ್ತರಿ ಬೀಳುತ್ತದೆ, ಆಗಲಿ. ಕಳೆದ ತಿಂಗಳು ಅವರು ಹೇಳಿದ ದಿನ ಬರಲಿಲ್ಲ. ಮರುದಿನ ಫೋನ್ ಮಾಡಿದರು: "ಅಂಕೋಲೆಗೆ ತಂಗಿಯ ಮನೆಗೆ ಹೋಗಿದ್ದೆ ಅಕ್ಕೋರೇ, ನಿಮ್ಮಲ್ಲಿಗೆ ಬರುವುದು ಮರೆತೇಹೋಯಿತು." ಸೇತುವೆಯ ಮಾತನ್ನೇ ಎತ್ತಲಿಲ್ಲ. ಕೇಳಬೇಕೆನಿಸಿದರೂ ನಾನು ನಾಲಿಗೆ ಕಚ್ಚಿಕೊಂಡೆ.