ಮಕ್ಕಳು ಅಂಚಿನಲ್ಲಿ ನಡೆಯುತ್ತಾರೆ: ಆಟದ ದಾರಿಯೊಂದನ್ನು ಕಟ್ಟಿದ ಅನುಭವ

ಮೈಸೂರಿನ ಲಿಂಗಾಂಬುಧಿ ಕೆರೆಗೆ ಹತ್ತಿರದ ನಮ್ಮ ಬಡಾವಣೆಯಲ್ಲಿ, ಮಳೆನೀರಿನ ಕಾಲುವೆಯ ಪಕ್ಕ ಸುಮಾರು 600 ಮೀಟರ್ ಉದ್ದದ ಜಾಗ ಬಹಳ ವರ್ಷ ಲಂಟಾನ ಪೊದೆಗಳ ಪಾಲಾಗಿತ್ತು. ಅದನ್ನು ಮಕ್ಕಳೂ ಮನೆಮಂದಿಯೂ ಒಟ್ಟಿಗೆ ಬಂದು ಆಡುವಂತಹ ಕಾಲುದಾರಿಯಾಗಿ ಮಾಡಿಕೊಡಬೇಕೆಂದು ನಿವಾಸಿಗಳ ಸಂಘದವರು ಕೇಳಿದಾಗ, ಉದ್ಯಾನಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದಿರುವ ನಾನು ಸಂತೋಷದಿಂದ ಒಪ್ಪಿಕೊಂಡೆ. ಪೊದೆ ತೆಗೆಸಿದ ಮೇಲೆ ಎರಡು ವಾರ, ಪ್ರತಿದಿನ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ, ಅಲ್ಲಿದ್ದ ಹೊಂಗೆ ಮರದ ಕೆಳಗೆ ಕುಳಿತು ಯಾರು ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಮೂರನೆಯ ದಿನ ಗಿಡಗಳಿಗೆ ನೀರು ಹಾಕುತ್ತಿದ್ದ ಮಾಲಿ ನನ್ನ ಪುಸ್ತಕ ನೋಡಿ, "ಮಕ್ಕಳು ದಾರೀಲಿ ನಡೆಯಲ್ಲ ಮೇಡಂ, ಅಂಚಲ್ಲಿ ನಡೀತವೆ" ಎಂದರು. ಅವರ ಮಾತು ನಿಜವಾಗಿತ್ತು. ಸಮತಟ್ಟಾದ ಮಣ್ಣಿನ ದಾರಿ ಕಣ್ಣೆದುರಿಗೇ ಇದ್ದರೂ ಮಕ್ಕಳು ಕಾಲುವೆಯ ಗೋಡೆಯ ಅಂಚು ಹತ್ತಿ, ಎರಡೂ ಕೈ ಚಾಚಿ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ ಹೋಗುತ್ತಿದ್ದರು.

ಆ ಗೋಡೆಯ ಆಚೆಗೆ ಆಳವಾದ ಕಾಲುವೆ ಇದ್ದುದರಿಂದ ಅಲ್ಲಿ ಎದೆಮಟ್ಟದ ಬೇಲಿ ಹಾಕಿಸುವುದು ಅನಿವಾರ್ಯವಾಯಿತು. ಆದರೆ ಬೇಲಿ ಹಾಕಿ ಸುಮ್ಮನಾದರೆ ಮಕ್ಕಳ ಸಂತೋಷವನ್ನು ಕಿತ್ತುಕೊಂಡಂತಾಗುತ್ತಿತ್ತು. ಹಾಗಾಗಿ ದಾರಿಯನ್ನು ಎರಡು ಎಳೆಗಳಾಗಿ ಸೀಳಿ, ವೇಗವಾಗಿ ನಡೆಯುವ ಹಿರಿಯರಿಗೆ 1.8 ಮೀಟರ್ ಅಗಲದ ಒಂದು ಎಳೆಯನ್ನೂ, ಮಕ್ಕಳಿಗೆ ಸಣ್ಣದೊಂದು ಎಳೆಯನ್ನೂ ಕೊಟ್ಟು, ನಡುವೆ ಕಲ್ಲಿನ ಅಂಚನ್ನು ಕಟ್ಟಿಸಿದೆವು. ಅದರ ಎತ್ತರ ಕೆಲವೆಡೆ ಒಂದು ಗೇಣು, ಕೆಲವೆಡೆ ಎರಡು ಗೇಣು. ಅಗಲವೂ ಹಾಗೆಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ವರ್ಷದ ಮಗು ತಾತನ ಬೆರಳು ಹಿಡಿದು ಹೋಗಬಲ್ಲ ಭಾಗವೂ, ಹತ್ತು ವರ್ಷದವರು ಉಸಿರು ಬಿಗಿಹಿಡಿದು ದಾಟಬೇಕಾದ ಭಾಗವೂ ಅದರಲ್ಲಿ ಇವೆ.

ದೂರ ನಡೆಯಬೇಕೆಂಬ ಆಸೆ ದೊಡ್ಡವರದು. ಮಗುವಿಗೆ ಬೇಕಾದದ್ದು ಮುಂದಿನ ತಿರುವಿನಲ್ಲಿ ಅರ್ಧ ಕಾಣುವ ಏನಾದರೊಂದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಐದಾರು ವರ್ಷದ ಮಕ್ಕಳು ಎಣಿಸುತ್ತ, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವ ಅಮ್ಮನ ಜೊತೆ ಬಗ್ಗುತ್ತ ಏಳುತ್ತ, ನಂದಿ ಎಷ್ಟು ದೂರ ಎಂದು ಕೇಳುತ್ತ ಹತ್ತುವುದನ್ನು ನಾನು ಬಾಲ್ಯದಿಂದಲೂ ನೋಡಿದ್ದೇನೆ. ಅದೇ ಲೆಕ್ಕವನ್ನು ಹಿಡಿದು, ನಮ್ಮ ದಾರಿಯಲ್ಲಿ ಐವತ್ತು ಅರವತ್ತು ಹೆಜ್ಜೆಗೊಂದರಂತೆ ಆಟದ ತಾಣಗಳನ್ನು ಇಟ್ಟೆವು: ಬಿದ್ದ ಮಳೆಮರದ ದಿಮ್ಮಿ, ಜಿಗಿಯುವ ಕಲ್ಲುಗಳು, ಕುಂಟೆಬಿಲ್ಲೆಯ ಮನೆಗಳು, ಮರಕೋತಿ ಆಟಕ್ಕೆ ಒಗ್ಗುವಂತೆ ಕೆಳಕೊಂಬೆ ಉಳಿಸಿಕೊಂಡ ನೇರಳೆ ಮರ. ಎಲ್ಲಿಯೂ 1:20ಕ್ಕಿಂತ, ಅಂದರೆ ಇಪ್ಪತ್ತು ಮೀಟರ್ ದೂರಕ್ಕೆ ಒಂದು ಮೀಟರಿಗಿಂತ, ಹೆಚ್ಚು ಏರು ಬಾರದಂತೆ ನೋಡಿಕೊಂಡೆವು. ಗಾಲಿಕುರ್ಚಿಯಲ್ಲಿ ಬರುವ ಮಗುವೂ ಪ್ರತಿಯೊಂದು ತಾಣವನ್ನು ತಲುಪಬೇಕೆಂಬುದು ನನ್ನ ಹಟವಾಗಿತ್ತು. ಆಟದ ತಾಣಗಳ ಸುತ್ತಲಿನ ಗಿಡಗಳನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸುತ್ತೇವೆ. ಮಗು ಕಣ್ಣಿಗೆ ಕಾಣುತ್ತಿದ್ದರೆ ತಾಯಿ ಅದನ್ನು ತಡೆಯುವುದಿಲ್ಲ.

ಲಿಂಗಾಂಬುಧಿ ಕೆರೆಯನ್ನು 1828ರಲ್ಲಿ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಪ್ರೀತಿ ಇಟ್ಟುಕೊಂಡು, ತಾವೇ ಹಲವು ಹೊಸ ಆಟಗಳನ್ನು ರಚಿಸಿದವರು. ಅವರ ಕೆರೆಗೆ ಸಮೀಪದ ದಾರಿಯಲ್ಲಿ ಮಣೆಯಾಟ ಇಲ್ಲದಿದ್ದರೆ ಹೇಗೆ ಎಂದು ನನಗೆ ಅನ್ನಿಸಿತು. ಹಳೆಯ ದೇವಸ್ಥಾನಗಳ ಜಗಲಿಯ ಚಪ್ಪಡಿಗಳಲ್ಲಿ ಇರುವಂತೆಯೇ ಚೌಕಾಬಾರದ ಮನೆಗಳನ್ನೂ ಅಳಗುಳಿಮಣೆಯ ಗುಳಿಗಳನ್ನೂ ಕಲ್ಲುಕುಟಿಗರಿಂದ ಕೊರೆಸಿದೆವು. ಹೊಂಗೆ ಮರದ ನೆರಳಿನ ಆ ಚಪ್ಪಡಿಯ ಬಳಿ ಒಮ್ಮೆ ಒಂದು ಹುಡುಗಿ ಚೌಕಾಬಾರದ ದಾಳಕ್ಕೆಂದು ಹುಣಸೆ ಬೀಜವನ್ನು ಕಲ್ಲಿಗೆ ಒತ್ತಿ ಉಜ್ಜುತ್ತಿದ್ದಳು. ಕಂದು ಸಿಪ್ಪೆ ಸವೆದು ಒಂದು ಮಗ್ಗುಲು ಬಿಳಿಯಾಗುತ್ತಿದ್ದಂತೆ ಅದನ್ನು ಊದಿ, ಬಿಸಿಯಾಗಿದೆಯೇ ಎಂದು ತಮ್ಮನ ತೋಳಿಗೆ ಮುಟ್ಟಿಸಿ, ಅವನು ಕಿರುಚಿದ ಮೇಲೆ ಮುಂದಿನ ಬೀಜಕ್ಕೆ ಕೈ ಹಾಕಿದಳು. ಪಕ್ಕದಲ್ಲಿದ್ದ ಅಜ್ಜಿ, "ಇನ್ನೂ ಉಜ್ಜು ಕಣೆ, ಚೆನ್ನಾಗಿ ಬಿಳಿ ಬರಲಿ" ಎನ್ನುತ್ತಿದ್ದರು.

ಆ ಅಜ್ಜಿ ಕುಳಿತಿದ್ದ ಜಾಗದಿಂದಲೇ ನನ್ನ ದೊಡ್ಡ ತಪ್ಪು ನನಗೆ ತಿಳಿಯಿತು. ನೋಟ ಚೆನ್ನಾಗಿರಲೆಂದು ಎಲ್ಲ ಬೆಂಚುಗಳನ್ನೂ ಕೆರೆಯ ದಿಕ್ಕಿಗೆ ಮುಖಮಾಡಿ ಹಾಕಿಸಿದ್ದೆ. ಆಟದ ತಾಣಗಳು ಅವುಗಳ ಬೆನ್ನಿಗಿದ್ದವು. ಅಜ್ಜಿ ತಾತಂದಿರು ಬೆಂಚು ಬಿಟ್ಟು ಒರಗಲು ಏನೂ ಇಲ್ಲದ ಅಂಚಿನ ಕಲ್ಲಿನ ಮೇಲೆ ಕುಳಿತು, ಅರ್ಧ ಗಂಟೆಯಲ್ಲಿ ಸೊಂಟ ನೋವೆಂದು ಎದ್ದುಬಿಡುತ್ತಿದ್ದರು. ಅವರು ಎದ್ದರೆ ಮೊಮ್ಮಕ್ಕಳ ಆಟವೂ ಮುಗಿದಂತೆಯೇ. ಮಕ್ಕಳು ಎಷ್ಟು ಹೊತ್ತು ಆಡುತ್ತಾರೆ ಎಂಬುದು ಜೊತೆಗೆ ಬಂದ ಹಿರಿಯರು ಎಷ್ಟು ಹೊತ್ತು ಕುಳಿತಿರಬಲ್ಲರು ಎಂಬುದರ ಮೇಲೆ ನಿಂತಿದೆ ಎಂಬ ವಿಷಯವನ್ನು, ಇಷ್ಟು ವರ್ಷ ಉದ್ಯಾನಗಳ ಕೆಲಸ ಮಾಡಿದ್ದರೂ, ನಾನು ಅಲ್ಲಿಯೇ ಕಲಿತದ್ದು. ಎಲ್ಲ ಬೆಂಚುಗಳನ್ನೂ ಕಿತ್ತು, ಬೆನ್ನಿಗೂ ಕೈಗೂ ಆಸರೆ ಇರುವಂತೆ ಮಾಡಿಸಿ, ಆಟದ ತಾಣಕ್ಕೆ ಮುಖಮಾಡಿ, ಕರೆದರೆ ಕೇಳುವಷ್ಟು ಹತ್ತಿರದಲ್ಲಿ ನೆರಳಿಗೆ ಹಾಕಿಸಿದೆವು. ಕುಡಿಯುವ ನೀರು ಮತ್ತು ಶೌಚಾಲಯದ ವ್ಯವಸ್ಥೆಯೂ ಆಗಲೇ ಆಯಿತು; ಅವಿಲ್ಲದೆ ಯಾವ ಕುಟುಂಬವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮರಳಿನ ವಿಷಯದಲ್ಲಿಯೂ ಪಾಠ ಕಲಿತೆವು. ದಿಮ್ಮಿಯಿಂದ ಬಿದ್ದರೆ ಪೆಟ್ಟಾಗದಿರಲೆಂದು ಕೆಳಗೆ 30 ಸೆಂಟಿಮೀಟರ್ ಆಳಕ್ಕೆ ಮರಳು ಹಾಕುವಂತೆ ಬರೆದುಕೊಟ್ಟಿದ್ದೆ. ಗುತ್ತಿಗೆದಾರರು ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು, ತುಂಬಿಸಿದರು. ಮೊದಲ ಎರಡು ಮಳೆಗೆ ಅದು ನೆಲದಂತೆ ಗಟ್ಟಿಯಾಗಿ, ಒಬ್ಬ ಹುಡುಗನ ಮೊಣಕೈ ತರಚಿತು. ಒಡೆದ ಕಲ್ಲಿನ ಕಣಗಳಿಗೆ ಮೂಲೆಗಳು ಇರುವುದರಿಂದ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಗಿಯಾಗುತ್ತವೆ. ಗುಂಡಗಿನ ಕಣದ ಮರಳು ಜಾರಿ ಸರಿದು ಬಿದ್ದವರನ್ನು ತಾಳಿಕೊಳ್ಳುತ್ತದೆ. ಹುಡುಗನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದು, ಅದನ್ನೆಲ್ಲ ತೋಡಿಸಿ, ಜರಡಿ ಹಿಡಿದ ಗುಂಡುಕಣದ ಮರಳನ್ನು ನಾನೇ ಮುಂದೆ ನಿಂತು ಹಾಕಿಸಿದೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಮಾಲಿ ಆ ಮರಳನ್ನು ಕುಂಟೆಯಿಂದ ಕೆದಕಿ, ಗಾಜಿನ ಚೂರು ಇದೆಯೇ ಎಂದು ನೋಡುತ್ತಾರೆ. ಅಳತೆಗೋಲು ಇಳಿಸಿ ಆಳ ಕಡಿಮೆಯಾಗಿದ್ದರೆ ನನಗೆ ಫೋನ್ ಮಾಡುತ್ತಾರೆ. ನೇರಳೆ ಹಣ್ಣು ಉದುರುವ ಕಾಲದಲ್ಲಿ ಮಾತ್ರ ಅವರು ಆ ಮರದ ಕೆಳಗಿನ ದಾರಿಯನ್ನು ದಿನಕ್ಕೆರಡು ಬಾರಿ ಗುಡಿಸಬೇಕಾಗುತ್ತದೆ, ಏಕೆಂದರೆ ತುಳಿದ ಹಣ್ಣಿನ ಮೇಲೆ ಹಿರಿಯರು ಜಾರುತ್ತಾರೆ. ಮರ ಕಡಿಸಿಬಿಡಿ ಎಂದು ಒಂದಿಬ್ಬರು ಹೇಳಿದರು. ನಾವು ಇನ್ನೊಂದು ಪೊರಕೆ ಕೊಂಡೆವು.